27ನೇ ಗಂಟು: ಕಂಬ ಸರಿದಿತ್ತು, ಚುಕ್ಕೆ ಸರಿದಿರಲಿಲ್ಲ

ಏಪ್ರಿಲ್ ತಿಂಗಳ ಒಂದು ಭಾನುವಾರ ಗೆಳೆಯನೊಬ್ಬ ಫೋನ್ ಮಾಡಿದ. ಹಾಸನದವನು, ನೀದರ್ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ. ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳ ಜೊತೆ ಸೈಕಲ್ ಹತ್ತಿ ಹಳ್ಳಿ ಕಡೆ ಹೊರಟಿದ್ದ. ದಾರಿಗಳು ಕೂಡುವ ಜಾಗಗಳಿಗೆ, ಅಂದರೆ ಗಂಟುಗಳಿಗೆ, ಇಲ್ಲಿ ಅಂಕಿ ಕೊಟ್ಟು ಕಂಬ ನೆಟ್ಟಿರುತ್ತಾರೆ. ಆ ಅಂಕಿ ಹಿಡಿದು ಹೋಗುತ್ತಿದ್ದರು.

"27ರವರೆಗೆ ಆರಾಮಾಗಿ ಬಂದ್ವಿ ಕಣೋ. ಇಲ್ಲಿಂದ 44ಕ್ಕೆ ಹೋಗ್ಬೇಕು. ಆ್ಯಪ್ ನೋಡಿದ್ರೆ ಕಾರ್ ಹೋಗೋ ರಸ್ತೆಗೆ ಇಳಿ ಅಂತಿದೆ. ಮಗಳಿದ್ದಾಳೆ ಜೊತೆಗೆ."

ಫೋನಿನಲ್ಲಿ ಲಾರಿ ಹಾದುಹೋದ ಸದ್ದು ಕೇಳಿಸಿತು. ಆ್ಯಪ್ ಬಿಡು, ಕಂಬ ಹುಡುಕು, ಬಿಳಿ ಹಲಗೆ ಮೇಲೆ ಹಸಿರು ಅಂಕಿ ಇರುತ್ತೆ ಅಂದೆ. ಎರಡು ನಿಮಿಷ ಹುಡುಕಿದ. ಕಂಬ ಸಿಕ್ಕಿತು. ಆದರೆ ಆ್ಯಪ್ ತೋರಿಸಿದ ಜಾಗದಲ್ಲಲ್ಲ. ಅಲ್ಲಿಂದ ಸುಮಾರು ಮೂವತ್ತು ಮೀಟರ್ ಆಚೆ, ಹೊಸದಾಗಿ ಹಾಕಿದ ಸೈಕಲ್ ದಾರಿಯ ಕವಲಿನಲ್ಲಿ ನಿಂತಿತ್ತು.

ಆ ಆ್ಯಪ್ ಬಳಸುವುದು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು. ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಅದು, 2004ರಲ್ಲಿ ಶುರುವಾಗಿದ್ದು. ನಾನೂ ಕೆಲವು ವರ್ಷಗಳಿಂದ ಅದಕ್ಕೆ ಕೈಜೋಡಿಸಿದ್ದೇನೆ. ಹಾಗಾಗಿ ಗೆಳೆಯನ ಮಗಳನ್ನು ಲಾರಿಗಳ ಮಧ್ಯೆ ಇಳಿಸಲು ಹೊರಟಿದ್ದು ನಮ್ಮದೇ ನಕ್ಷೆ. ಅದನ್ನು ಸರಿ ಮಾಡೋಕೆ ಮೂರು ವಾರ ಹಿಡಿಯಿತು. ಎರಡು ಸಲ ಅಲ್ಲಿಗೆ ಹೋಗಬೇಕಾಯಿತು. ನಡುವೆ ನಾನೇ ಒಂದು ತಪ್ಪು ಮಾಡಿದೆ, ಅದನ್ನೂ ಇಲ್ಲಿ ಬಿಡದೆ ಬರೆದಿದ್ದೇನೆ. ಊರಿನ ಹೆಸರು ಹೇಳಿಲ್ಲ, ಗಂಟುಗಳ ಅಂಕಿ ಬದಲಿಸಿದ್ದೇನೆ.

ಅಂಕಿ ಹಿಡಿದು ಹೋಗುವ ದಾರಿ

ಇಲ್ಲಿ ಸೈಕಲ್ ಪ್ರವಾಸಕ್ಕೆ ಊರುಗಳ ಹೆಸರು ಬೇಕಾಗುವುದಿಲ್ಲ. ದಾರಿಗಳು ಕೂಡುವ ಜಾಗಕ್ಕೆ ಒಂದೊಂದು ಅಂಕಿ ಕೊಟ್ಟಿರುತ್ತಾರೆ. ಡಚ್ಚಿನಲ್ಲಿ ಅದಕ್ಕೆ ಕ್ನೋಪುಂಟ್ ಅನ್ನುತ್ತಾರೆ. ಕ್ನೋಪ್ ಅಂದರೆ ಗಂಟು, ಪುಂಟ್ ಅಂದರೆ ಬಿಂದು. ಪ್ರತಿ ಗಂಟಿನಲ್ಲೂ ಒಂದು ಕಂಬ. ಈಗ ನೀವು ಯಾವ ಅಂಕಿಯಲ್ಲಿದ್ದೀರಿ, ಇಲ್ಲಿಂದ ಯಾವ್ಯಾವ ಅಂಕಿಗೆ ಯಾವ ಕಡೆ ಹೋಗಬೇಕು ಅಂತ ಬಾಣ ಹಾಕಿರುತ್ತಾರೆ. ನಡುವೆ ತಿರುವು ಬಂದರೆ ಅಲ್ಲೂ ಮುಂದಿನ ಅಂಕಿಯ ಬಾಣ. ಬೆಳಿಗ್ಗೆ ಹೊರಡುವಾಗ 12, 27, 44, 45 ಅಂತ ಒಂದು ಚೀಟಿ ಬರೆದು ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡರೆ ಸಾಕು, ಇಡೀ ದಿನ ಸುತ್ತಬಹುದು.

ಈ ಉಪಾಯ ಹುಟ್ಟಿದ್ದು ಪಕ್ಕದ ಬೆಲ್ಜಿಯಂನಲ್ಲಿ. ಅಲ್ಲಿನ ಲಿಂಬರ್ಗ್ ಪ್ರಾಂತ್ಯ ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳ ನಾಡಾಗಿತ್ತು. ಹ್ಯೂಗೋ ಬೊಲೆನ್ ಅಂತ ಒಬ್ಬ ಗಣಿ ಎಂಜಿನಿಯರ್ ಇದನ್ನು ಯೋಚಿಸಿದರು. ನೆಲದಡಿಯ ಸುರಂಗಗಳಲ್ಲಿ ದಾರಿಗಳು ಕೂಡುವ ಕಡೆ ಅಂಕಿ ಹಾಕಿ ಗುರುತು ಹಿಡಿಯುವ ರೂಢಿಯನ್ನು ಮೇಲಿನ ಸೈಕಲ್ ದಾರಿಗೆ ತಂದರು. 1995ರಲ್ಲಿ ಅಲ್ಲಿ ಮೊದಲ ಜಾಲ ಸಿದ್ಧವಾಯಿತು. ನಂತರ ನೀದರ್ಲ್ಯಾಂಡ್ಸಿಗೆ, ಜರ್ಮನಿಗೆ ಹರಡಿತು. ನಡೆಯುವವರಿಗೆ ಬೇರೆ ಜಾಲ ಬಂತು. ದೋಣಿ ಹುಟ್ಟು ಹಾಕುವವರಿಗೂ ಇದೆ. ಅಂಕಿಗಳು ಸಾಮಾನ್ಯವಾಗಿ 1ರಿಂದ 99ರೊಳಗೆ. ಹಾಗಾಗಿ 27 ಅನ್ನುವ ಗಂಟು ದೇಶದಲ್ಲಿ ಎಷ್ಟೋ ಕಡೆ ಇದೆ. ಅಕ್ಕಪಕ್ಕದಲ್ಲಿ ಒಂದೇ ಅಂಕಿ ಎರಡು ಸಲ ಬರದಂತೆ ನೋಡಿಕೊಳ್ಳುತ್ತಾರೆ, ಅಷ್ಟೇ.

ಇದರ ಬೆಲೆ ನನಗೆ ಸರಿಯಾಗಿ ಅರ್ಥವಾಗಿದ್ದು ಅಮ್ಮ ಬಂದಾಗ. ಕಳೆದ ಬೇಸಿಗೆಯಲ್ಲಿ ಮೂರು ತಿಂಗಳು ನಮ್ಮ ಜೊತೆಗಿದ್ದರು. ಡಚ್ ಬರುವುದಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ. ನಾವಿಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ಒಬ್ಬರೇ. ಒಂದು ದಿನ ನಡಿಗೆ ಜಾಲದ ನಾಲ್ಕು ಅಂಕಿ ಚೀಟಿಯಲ್ಲಿ ಬರೆದುಕೊಟ್ಟೆ: 8, 15, 16, 8. ಮೊದಲ ಸಲ ಜೊತೆಗೆ ಹೋದೆ. ಎರಡನೇ ಸಲ ಅವರೇ ಹೋದರು. ಮೆಕ್ಕೆಜೋಳದ ಹೊಲಗಳ ಮಧ್ಯೆ, ಕೇಳೋಕೆ ಒಂದು ನರಪಿಳ್ಳೆ ಇಲ್ಲದ ಕಡೆ, ಒಂದೂವರೆ ಗಂಟೆ ಸುತ್ತಿ ಸರಿಯಾಗಿ ಮನೆಗೆ ಬಂದರು. "ಬಸ್ ನಂಬರ್ ನೋಡ್ಕೊಂಡು ಹತ್ತೋ ಹಾಗೇ ಅಲ್ವೇನೋ" ಅಂದರು. ನಮ್ಮ ಕಡೆ ದಾರಿ ಅಂದರೆ ಯಾರನ್ನಾದರೂ ಕೇಳುವುದು, ಅರಳೀಕಟ್ಟೆ ಹತ್ತಿರ ಎಡಕ್ಕೆ ಅಂತ ಅವರು ಹೇಳುವುದು. ಕೇಳಲು ಬಾಯಿ ಬಾರದ ಊರಿನಲ್ಲಿ ಆ ಕೆಲಸವನ್ನು ಈ ಅಂಕಿಗಳು ಮಾಡುತ್ತವೆ. ಅಮ್ಮನ ಚೀಟಿಯ ಆ 8ನೇ ಗಂಟು ಇರುವುದೂ ಇದೇ ಊರಿನ ಇದೇ ಕೂಡುರಸ್ತೆಯಲ್ಲಿ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಎಡಿಟರ್ ತೆರೆದಾಗ

ಮಾತು ಗೊಂದಲವಾಗದಿರಲಿ ಅಂತ ಒಂದು ಸಣ್ಣ ಒಪ್ಪಂದ. ನಕ್ಷೆ ತಿದ್ದುವ ಎಡಿಟರಿನಲ್ಲೂ ನೋಡ್ ಅನ್ನುವ ಮಾತಿದೆ, ಈ ಜಾಲದಲ್ಲೂ ನೋಡ್ ಅನ್ನುತ್ತಾರೆ. ಎರಡೂ ಬೇರೆ. ಎಡಿಟರಿನ ನೋಡನ್ನು ನಾನು ಚುಕ್ಕೆ ಅನ್ನುತ್ತೇನೆ. ನೆಲದ ಮೇಲೆ ಕಂಬ ನಿಂತಿರುವ ಜಾಗವನ್ನು ಗಂಟು ಅನ್ನುತ್ತೇನೆ. ಚುಕ್ಕೆಗಳನ್ನು ಸೇರಿಸಿದರೆ ಗೆರೆ, ಅದು ರಸ್ತೆ ಅಥವಾ ಕಾಲುದಾರಿ. ಗೆರೆಗಳನ್ನು ಒಂದರ ಹಿಂದೆ ಒಂದು ಮಣಿಯ ಹಾಗೆ ಪೋಣಿಸಿದರೆ ರಿಲೇಶನ್. 12ರಿಂದ 27ಕ್ಕೆ ಹೋಗುವ ದಾರಿ ಅಂದರೆ ಅಂಥ ಒಂದು ರಿಲೇಶನ್.

ಗಂಟಿನ ಗುರುತನ್ನು ಚುಕ್ಕೆಯ ಮೇಲೆ ಟ್ಯಾಗ್ ಆಗಿ ಬರೆಯುತ್ತೇವೆ. ಸೈಕಲ್ ಗಂಟಿಗೆ ಆರ್‌ಸಿಎನ್_ರೆಫ್=27. ನಡಿಗೆ ಗಂಟಿಗೆ ಆರ್‌ಡಬ್ಲ್ಯೂಎನ್_ರೆಫ್=8. ಮೊದಲ ಅಕ್ಷರ ಆರ್ ಅಂದರೆ ಪ್ರಾದೇಶಿಕ. ಸ್ಥಳೀಯಕ್ಕೆ ಎಲ್, ರಾಷ್ಟ್ರೀಯಕ್ಕೆ ಎನ್, ಅಂತರರಾಷ್ಟ್ರೀಯಕ್ಕೆ ಐ. ಎರಡನೆಯದು ಸೈಕಲ್ಲಿಗೆ ಸಿ, ನಡಿಗೆಗೆ ಡಬ್ಲ್ಯೂ. ಕೊನೆಯ ಎನ್ ಅಂದರೆ ಜಾಲ. ಇದರ ಜೊತೆ ನೆಟ್‌ವರ್ಕ್:ಟೈಪ್=ನೋಡ್_ನೆಟ್‌ವರ್ಕ್ ಅಂತ ಇನ್ನೊಂದು ಟ್ಯಾಗ್ ಹಾಕುತ್ತೇವೆ. ಅದಿಲ್ಲದಿದ್ದರೆ ಅಂಕಿ ಹಿಡಿದು ಹೋಗುವ ಜಾಲಕ್ಕೂ ಹೆಸರಿರುವ ಮಾಮೂಲಿ ಪ್ರವಾಸಿ ಸೈಕಲ್ ಮಾರ್ಗಕ್ಕೂ ಕಂಪ್ಯೂಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಭಾನುವಾರ ರಾತ್ರಿ ಐಡಿ ಅನ್ನುವ ಎಡಿಟರಿನಲ್ಲಿ ಆ ಕೂಡುರಸ್ತೆಯನ್ನು ತೆರೆದೆ. ಏನಾಗಿತ್ತು ಅಂತ ಹತ್ತೇ ನಿಮಿಷದಲ್ಲಿ ಗೊತ್ತಾಯಿತು.

ಮೊದಲು ಅಲ್ಲಿ ಎರಡು ರಸ್ತೆಗಳು ಸುಮ್ನೆ ಒಂದನ್ನೊಂದು ದಾಟುತ್ತಿದ್ದವು. ದಾಟುವ ಚುಕ್ಕೆಯ ಮೇಲೇ ಸೈಕಲ್ಲಿನ 27, ನಡಿಗೆಯ 8 ಎರಡನ್ನೂ ಯಾರೋ ಬರೆದಿದ್ದರು. ಸಣ್ಣ ಜಾಗ, ಎಲ್ಲ ಹತ್ತಿರ ಹತ್ತಿರ, ಆಗ ಅದು ನಡೆಯುತ್ತಿತ್ತು. ಆಮೇಲೆ ರಸ್ತೆಯನ್ನು ಅಗೆದು ಕಾರುಗಳಿಗೆ ರೌಂಡ್‌ಅಬೌಟ್ ಕಟ್ಟಿದರು. ಸೈಕಲ್ಲಿಗೆ ದಕ್ಷಿಣಕ್ಕೆ ಬೇರೆ ದಾರಿ ಹಾಕಿದರು. ಬೇರೊಬ್ಬ ನಕ್ಷೆಗಾರರು ಹೊಸ ರೌಂಡ್‌ಅಬೌಟನ್ನೂ ಸೈಕಲ್ ದಾರಿಯನ್ನೂ ತುಂಬಾ ನೀಟಾಗಿ ಬಿಡಿಸಿದ್ದರು. ಪಾದಚಾರಿ ಪಟ್ಟಿಗಳನ್ನು ಕೂಡ ಬಿಟ್ಟಿರಲಿಲ್ಲ. ಆದರೆ ಹಳೆಯ ಚುಕ್ಕೆ ರೌಂಡ್‌ಅಬೌಟಿನ ಉಂಗುರದೊಳಗೆ ಸೇರಿಹೋಗಿತ್ತು. ಅದರ ಮೇಲಿನ 27 ಮತ್ತು 8 ಹಾಗೇ ಉಳಿದಿದ್ದವು. ನಕ್ಷೆಯ ಪ್ರಕಾರ 27ನೇ ಗಂಟು ಕಾರುಗಳು ಸುತ್ತುವ ಡಾಂಬರಿನ ಮೇಲಿತ್ತು.

ದಾರಿಗಳ ಸ್ಥಿತಿಯನ್ನೂ ನೋಡಿದೆ. 27ರಿಂದ 44ಕ್ಕೆ ಹೋಗುವ ರಿಲೇಶನ್ ಕಾರು ರಸ್ತೆಯ ಗೆರೆಗೇ ಅಂಟಿಕೊಂಡಿತ್ತು. ಆ್ಯಪ್ ಅದನ್ನು ನಂಬಿ ಗೆಳೆಯನನ್ನು ರಸ್ತೆಗೆ ಇಳಿಯಲು ಹೇಳಿತ್ತು. 12ರಿಂದ ಬರುವ ದಾರಿ 27 ಮುಟ್ಟುವ ಮೊದಲೇ ನಿಂತುಹೋಗಿತ್ತು. ಅದರ ಕೊನೆಯ ಗೆರೆಯನ್ನು ಅಳಿಸಿದ್ದರು. ಐಡಿ ಎಡಿಟರ್ ಇಂಥ ಗೆರೆಯನ್ನು ನೇರವಾಗಿ ಅಳಿಸಲು ಬಿಡುವುದಿಲ್ಲ. ಇದು ಒಂದು ರಿಲೇಶನ್‌ಗೆ ಸೇರಿದೆ, ಮೊದಲು ಅಲ್ಲಿಂದ ತೆಗೆಯಿರಿ ಅನ್ನುತ್ತದೆ. ಅವರು ತೆಗೆದಿದ್ದರು, ಆಮೇಲೆ ಅಳಿಸಿದ್ದರು. ಹೊಸ ಗೆರೆಯನ್ನು ಆ ಜಾಗಕ್ಕೆ ಪೋಣಿಸಿರಲಿಲ್ಲ. ಆ ಸಂದೇಶ ಓದಿದರೆ, ರಿಲೇಶನ್ ಅಂದರೇನು ಅಂತ ಗೊತ್ತಿಲ್ಲದವರು ಬೇರೆ ಏನು ಮಾಡಿಯಾರು? ತೆಗಿ ಅನ್ನುತ್ತದೆ, ತೆಗೆಯುತ್ತಾರೆ. ಹೊಸ ಗೆರೆಯನ್ನು ಸೇರಿಸಿ ಅಂತಲೂ ಅದು ಒಂದು ಮಾತು ಹೇಳಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

27ರಿಂದ 63ಕ್ಕೆ ಹೋಗುವ ದಾರಿಯೂ ಹೀಗೇ, ಹಳೆಯ ತುಂಡಿನಲ್ಲಿ ನಿಂತಿತ್ತು.

ನಾನು ಮಾಡಿದ ತಪ್ಪು

ಗೆಳೆಯ ಕಂಬದ ಫೋಟೋ ಕಳಿಸಿದ್ದ. ಫೋಟೋದಲ್ಲಿ ಸೈಕಲ್ ದಾರಿಯ ಕವಲು ಸ್ಪಷ್ಟವಾಗಿತ್ತು. ಹಿನ್ನೆಲೆಗೆ ಪಿಡಿಒಕೆಯ ವಿಮಾನ ಚಿತ್ರ ಹಾಕಿಕೊಂಡೆ. ಅದು ಇಲ್ಲಿನ ಸರ್ಕಾರಿ ಭೂ ಮಾಹಿತಿ ಸೇವೆ, ಅದರ ಚಿತ್ರಗಳನ್ನು ಬಳಸಲು ನಮಗೆ ಅಡ್ಡಿಯಿಲ್ಲ. ಅದರಲ್ಲೂ ಕವಲು ಕಂಡಿತು. ಇಷ್ಟು ಸಾಕು ಅಂತ ಕೆಲಸ ಶುರು ಮಾಡಿದೆ.

ಹಳೆಯ ಚುಕ್ಕೆಯ ಟ್ಯಾಗುಗಳನ್ನೆಲ್ಲ ಕವಲಿನ ಚುಕ್ಕೆಗೆ ಹಾಕಿದೆ. ಹಳೆಯದರಿಂದ ಅಳಿಸಿದೆ. ನಂತರ ದಾರಿಗಳು. ಇಲ್ಲಿ ಮುಖ್ಯವಾದ ಮಾತು ಏನೆಂದರೆ, ದಾರಿ ಗಂಟಿನ ಹತ್ತಿರ ಹೋದರೆ ಸಾಲದು, ಸರಿಯಾಗಿ ಆ ಚುಕ್ಕೆಯಲ್ಲೇ ಮುಗಿಯಬೇಕು. ಹೊಸ ಸೈಕಲ್ ದಾರಿ ಒಂದೇ ಉದ್ದ ಗೆರೆಯಾಗಿತ್ತು, ಕವಲನ್ನು ದಾಟಿ ಎರಡೂ ಕಡೆ ಹೋಗುತ್ತಿತ್ತು. ಅದನ್ನು ಹಾಗೇ ಪೋಣಿಸಿದರೆ 12ರ ದಾರಿ 27ನ್ನು ದಾಟಿ 44ರ ಕಡೆ ಬಾಲ ಚಾಚುತ್ತದೆ. ಆದ್ದರಿಂದ ಚುಕ್ಕೆಯನ್ನು ಆರಿಸಿ, ಎಕ್ಸ್ ಒತ್ತಿ, ಗೆರೆಯನ್ನು ಅಲ್ಲೇ ಕತ್ತರಿಸಿದೆ. ಪಶ್ಚಿಮದ ತುಂಡನ್ನು 12-27ಕ್ಕೆ, ಪೂರ್ವದ ತುಂಡನ್ನು 27-44ಕ್ಕೆ ಸೇರಿಸಿದೆ. ದಕ್ಷಿಣದ ಗೆರೆ 27-63ಕ್ಕೆ. ಕಾರು ರಸ್ತೆಯ ತುಂಡನ್ನು 27-44ರಿಂದ ಬಿಡಿಸಿದೆ. ರಿಲೇಶನ್ ಹೆಸರಿನಲ್ಲಿ ಚಿಕ್ಕ ಅಂಕಿ ಮೊದಲು ಬರುವುದು ರೂಢಿ, ಅದು ಸರಿಯಾಗೇ ಇತ್ತು. ಸೇವ್ ಮಾಡಿ ಮಲಗಿದೆ.

ಮರುದಿನ ಕ್ನೋಪುಂಟ್‌ನೆಟ್ ತೆರೆದೆ. ಓಪನ್‌ಸ್ಟ್ರೀಟ್‌ಮ್ಯಾಪಿನ ಇಂಥ ಜಾಲಗಳನ್ನಷ್ಟೇ ಪರೀಕ್ಷಿಸುವ ತಾಣ ಅದು. ದಾರಿ ಎಲ್ಲಿ ಮುರಿದಿದೆ, ಯಾವ ಗಂಟಿಗೆ ಎಷ್ಟು ದಾರಿ ಸೇರಬೇಕಿತ್ತು, ಎಷ್ಟು ಸೇರಿವೆ, ಎಲ್ಲವನ್ನೂ ತೋರಿಸುತ್ತದೆ. ಮೂರು ಸೈಕಲ್ ದಾರಿಗಳೂ ಸರಿಯಾಗಿದ್ದವು. ಆದರೆ ನಡಿಗೆ ಜಾಲದಲ್ಲಿ ಮೂರು ದಾರಿ ಮುರಿದಿದ್ದವು: 8-15, 8-16, 8-22. ಭಾನುವಾರ ಬೆಳಿಗ್ಗೆ ಅವು ಸರಿಯಿದ್ದವು. ಮುರಿದಿದ್ದು ನಾನು.

27ರ ಜೊತೆ 8ನ್ನೂ ಎತ್ತಿಕೊಂಡು ಹೋಗಿ ಸೈಕಲ್ ಕವಲಿನಲ್ಲಿ ಇಟ್ಟಿದ್ದೆ. ನಡೆಯುವ ದಾರಿಗಳು ಇನ್ನೂ ಹಳೆಯ ಚುಕ್ಕೆಯಲ್ಲೇ ಮುಗಿಯುತ್ತಿದ್ದವು, ಅಲ್ಲಿ ಈಗ ಅಂಕಿಯೇ ಇರಲಿಲ್ಲ. ಗೆಳೆಯನ ಫೋಟೋದಲ್ಲಿದ್ದದ್ದು ಸೈಕಲ್ ಕಂಬ ಮಾತ್ರ. ನಡಿಗೆಯ ಕಂಬ ಎಲ್ಲಿದೆ ಅಂತ ನಾನು ನೋಡಿರಲೇ ಇಲ್ಲ. ಅಮ್ಮನ ಜೊತೆ ಅಲ್ಲೇ ನಿಂತಿದ್ದೆ, ಆದರೂ ಕಂಬ ಯಾವ ಮೂಲೆಯಲ್ಲಿತ್ತು ಅಂತ ನೆನಪಾಗಲಿಲ್ಲ. ಇದು ನನಗೆ ಬಹಳ ಬೇಜಾರಾಯಿತು.

ಇನ್ನೊಂದು ಲೋಪವೂ ಇತ್ತು. ಒಂದು ಪ್ರದೇಶದ ಗಂಟುಗಳನ್ನೂ ದಾರಿಗಳನ್ನೂ ಸೇರಿಸಿ ಜಾಲದ್ದೇ ಒಂದು ದೊಡ್ಡ ರಿಲೇಶನ್ ಇರುತ್ತದೆ. ಅದರಲ್ಲಿ ಚುಕ್ಕೆಯೂ ಸದಸ್ಯ. ನಾನು ಟ್ಯಾಗ್ ಸಾಗಿಸಿದೆ, ಸದಸ್ಯತ್ವ ಸಾಗಿಸಲಿಲ್ಲ. ಅಂಕಿ ಕಳೆದುಕೊಂಡ ಚುಕ್ಕೆ ಜಾಲದೊಳಗೆ, ಅಂಕಿ ಪಡೆದ ಚುಕ್ಕೆ ಜಾಲದ ಹೊರಗೆ. ಐಡಿ ಎಡಿಟರಿನಲ್ಲಿ ಇದು ಪಕ್ಕದ ಪಟ್ಟಿಯ ತೀರಾ ಕೆಳಗೆ ಇರುತ್ತದೆ. ಕೆಳಗಿನವರೆಗೆ ಹೋಗಿ ನೋಡುವ ಅಭ್ಯಾಸ ಬೇಕು.

ಮನೆಯಿಂದಲೇ 8ನ್ನು ಹಳೆಯ ಚುಕ್ಕೆಗೆ ವಾಪಸ್ ಹಾಕಿದೆ, ಎರಡು ಸದಸ್ಯತ್ವಗಳನ್ನೂ ಸರಿಪಡಿಸಿದೆ. ಅದರಿಂದ ದಾರಿಗಳು ಕೂಡಿದವು. ಆದರೆ 8 ಮತ್ತೆ ಕಾರುಗಳ ಮಧ್ಯೆ ನಿಂತಿತು. ಉಳಿದದ್ದನ್ನು ಅಲ್ಲಿಗೆ ಹೋಗಿಯೇ ಮಾಡಬೇಕಿತ್ತು. ಸರ್ಕಾರಿ ಪ್ರವಾಸಿ ನಕ್ಷೆ ನೋಡಿ ನಕಲು ಮಾಡಬಹುದಲ್ಲ ಅಂತ ಯಾರಾದರೂ ಕೇಳಬಹುದು. ಮಾಡುವ ಹಾಗಿಲ್ಲ. ಬೇರೆಯವರ ನಕ್ಷೆಯಿಂದ ಅನುಮತಿಯಿಲ್ಲದೆ ತೆಗೆದುಕೊಳ್ಳಬಾರದು ಅನ್ನುವುದು ಓಪನ್‌ಸ್ಟ್ರೀಟ್‌ಮ್ಯಾಪಿನ ಕಟ್ಟುನಿಟ್ಟಿನ ನಿಯಮ. ಕಂಬದ ಮುಂದೆ ನಿಂತು ಕಣ್ಣಾರೆ ಕಂಡದ್ದನ್ನು ಬರೆಯಬಹುದು.

ಕಂಬದ ಮುಂದೆ

ಶನಿವಾರ ಹೋದೆ. ನೋಟ್‌ಬುಕ್ ಹಿಡಿದು ಮೊದಲು ಸೈಕಲ್ ಕಂಬದ ಹತ್ತಿರ ನಿಂತೆ. ಬುಡದ ಕಾಂಕ್ರೀಟ್ ಇನ್ನೂ ಬೆಳ್ಳಗಿತ್ತು, ಸುತ್ತ ಹುಲ್ಲು ಹುಟ್ಟಿರಲಿಲ್ಲ. ಹಲಗೆಗಳನ್ನು ಒಂದೊಂದಾಗಿ ಓದಿದೆ. ಪಶ್ಚಿಮಕ್ಕೆ 12. ದಕ್ಷಿಣಕ್ಕೆ 63. ಪೂರ್ವದ ಹಲಗೆಯಲ್ಲಿ 44, ಅದರ ಕೆಳಗೆ 71. 71? ಅದು ನಕ್ಷೆಯಲ್ಲಿ ಇರಲೇ ಇಲ್ಲ. ಗೆಳೆಯ ಫೋಟೋ ತೆಗೆದದ್ದು ಕಂಬದ ಇನ್ನೊಂದು ಮಗ್ಗುಲಿನಿಂದ.

ಚುಕ್ಕೆಯ ಮೇಲೆ ಎಕ್ಸ್‌ಪೆಕ್ಟೆಡ್_ಆರ್‌ಸಿಎನ್_ರೂಟ್_ರಿಲೇಶನ್ಸ್ ಅಂತ ಒಂದು ಉದ್ದ ಹೆಸರಿನ ಟ್ಯಾಗ್ ಇರುತ್ತದೆ. ಈ ಗಂಟಿನಿಂದ ಎಷ್ಟು ದಾರಿ ಹೊರಡಬೇಕು ಅನ್ನುವ ಎಣಿಕೆ ಅದು. ನೋಡಲು ದಂಡ ಅನಿಸಬಹುದು, ದಾರಿಗಳು ನಕ್ಷೆಯಲ್ಲೇ ಕಾಣುತ್ತವಲ್ಲ ಅಂತ. ಆದರೆ ಈ ಎಣಿಕೆ ಬರುವುದು ಕಂಬದ ಮೇಲಿನ ಬಾಣಗಳಿಂದ. ಕಂಬದಲ್ಲಿ ನಾಲ್ಕು ಅಂಕಿ, ನಕ್ಷೆಯಲ್ಲಿ ಮೂರೇ ದಾರಿ ಅಂದರೆ ಒಂದು ದಾರಿ ಬಾಕಿ ಇದೆ ಅಂತ ಯಾರಿಗಾದರೂ ತಕ್ಷಣ ತಿಳಿಯುತ್ತದೆ. ನಾನು 3 ಅಂತ ಇದ್ದದ್ದನ್ನು ಕಣ್ಣುಮುಚ್ಚಿ ಸಾಗಿಸಿದ್ದೆ. ಅದನ್ನು 4 ಮಾಡಿದೆ. 71ರ ದಾರಿಯನ್ನು ಮಾತ್ರ ಆಗ ಬಿಡಿಸಲಿಲ್ಲ. ಎಲ್ಲಿ ತಿರುಗುತ್ತದೆ ಅಂತ ಗೊತ್ತಿಲ್ಲದೆ ಬಿಡಿಸಬಾರದು. ಬಾಕಿ ಇದೆ ಅಂತ ಎಣಿಕೆಯೇ ಹೇಳುತ್ತಿರಲಿ.

ನಡಿಗೆಯ ಕಂಬ ವಾಯವ್ಯ ಮೂಲೆಯಲ್ಲಿತ್ತು. ಚರ್ಚಿನ ಮುಂದೆ, ಲಿಂಡೆ ಮರದ ಬುಡದಲ್ಲಿ. ಹಳೆಯ ಮರದ ಕಂಬ, ಉತ್ತರದ ಮಗ್ಗುಲಿಗೆ ಪಾಚಿ ಹಿಡಿದಿತ್ತು. ರಸ್ತೆ ಅಗೆದರೂ ಅದನ್ನು ಯಾರೂ ಮುಟ್ಟಿರಲಿಲ್ಲ. ಸೈಕಲ್ ಕಂಬದಿಂದ ಇಲ್ಲಿಗೆ ಹೆಜ್ಜೆ ಹಾಕಿದೆ, ಎಪ್ಪತ್ತು ಹೆಜ್ಜೆ. ನಡುವೆ ರಸ್ತೆ ದಾಟಬೇಕು. ಭಾನುವಾರ ರಾತ್ರಿ ನಾನು 8ನ್ನು ಇಟ್ಟಿದ್ದು ರಸ್ತೆಯ ಆ ಕಡೆ. ಅಮ್ಮ ಫೋನಿನ ನಕ್ಷೆ ನೋಡಿಕೊಂಡು ಬಂದಿದ್ದರೆ ಸುಮ್ನೆ ರಸ್ತೆ ದಾಟಿ, ಅಲ್ಲಿ ಬರೀ ಹಸಿರು 27 ಕಂಡು, ಚೀಟಿಯಲ್ಲಿ 27 ಇಲ್ಲವಲ್ಲ ಅಂತ ನಿಂತುಬಿಡುತ್ತಿದ್ದರು.

ಮನೆಗೆ ಬಂದು ಈ ಸಲ ಜೋಸ್ಮ್ ತೆರೆದೆ. ಐಡಿ ಎಡಿಟರ್ ಬ್ರೌಸರಿನಲ್ಲೇ ನಡೆಯುತ್ತದೆ, ಕಲಿಯಲು ಸುಲಭ. ಜೋಸ್ಮ್ ಇನ್‌ಸ್ಟಾಲ್ ಮಾಡಬೇಕು, ಮೊದಲ ನೋಟಕ್ಕೆ ಕಷ್ಟ. ಆದರೆ ಅದರ ರಿಲೇಶನ್ ಎಡಿಟರಿನಲ್ಲಿ ಗೆರೆಗಳು ಒಂದಕ್ಕೊಂದು ಕೂಡಿವೆಯೋ ಇಲ್ಲವೋ ಅಂತ ಪಕ್ಕದಲ್ಲೇ ಚಿತ್ರದ ಹಾಗೆ ಕಾಣುತ್ತದೆ. ಎಲ್ಲಿ ಸರ ಕಡಿದಿದೆಯೋ ಅಲ್ಲಿ ಬಿರುಕು ಕಾಣುತ್ತದೆ. ಇಂಥ ಕೆಲಸಕ್ಕೆ ಅದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ: ತಿದ್ದುವ ಮೊದಲು ಆ ರಿಲೇಶನ್‌ನ ಎಲ್ಲ ಸದಸ್ಯರನ್ನೂ ಡೌನ್‌ಲೋಡ್ ಮಾಡಿಕೊಳ್ಳಬೇಕು. ಅರ್ಧ ಸರ ನೋಡಿಕೊಂಡು ಪೂರ್ತಿ ಸರ ಜೋಡಿಸಲು ಆಗುವುದಿಲ್ಲ.

ಚರ್ಚಿನ ಮುಂದಿನ ಕಾಲುದಾರಿಯಲ್ಲಿ, ಮೂರು ದಾರಿ ಕೂಡುವ ಚುಕ್ಕೆಗೆ ಆರ್‌ಡಬ್ಲ್ಯೂಎನ್_ರೆಫ್=8 ಹಾಕಿದೆ. ನಡಿಗೆ ಎಣಿಕೆ 3, ಅದನ್ನು ಕಂಬದಲ್ಲಿ ನೋಡಿಯೇ ಬರೆದೆ. ಮೂರೂ ದಾರಿಗಳನ್ನು ರೌಂಡ್‌ಅಬೌಟಿನಿಂದ ಬಿಡಿಸಿ ಕಾಲುದಾರಿಗೆ ಪೋಣಿಸಿದೆ. ಜಾಲದ ರಿಲೇಶನ್‌ನಲ್ಲಿ ಹಳೆಯ ಚುಕ್ಕೆಯನ್ನು ತೆಗೆದು ಹೊಸದನ್ನು ಸೇರಿಸಿದೆ. ಎರಡೂ ಗಂಟುಗಳಿಗೆ ಸರ್ವೇ:ಡೇಟ್ ಅಂತ ಆ ಶನಿವಾರದ ತಾರೀಖು ಹಾಕಿದೆ. ಮುಂದೆ ತಿದ್ದುವವರಿಗೆ ಇದನ್ನು ಯಾವಾಗ ಕಣ್ಣಾರೆ ನೋಡಿದ್ದು ಅಂತ ತಿಳಿಯಬೇಕು, ಅಲ್ವಾ?

ರೌಂಡ್‌ಅಬೌಟ್ ಬಿಡಿಸಿದ್ದ ನಕ್ಷೆಗಾರರಿಗೂ ಒಂದು ಸಂದೇಶ ಬರೆದೆ. ನಿಮ್ಮ ಕೆಲಸ ತುಂಬಾ ಚೆನ್ನಾಗಿದೆ, ಗಂಟುಗಳು ಮಾತ್ರ ಹಿಂದೆ ಉಳಿದಿದ್ದವು, ಸರಿ ಮಾಡಲು ಹೋಗಿ ನಾನೂ ಒಮ್ಮೆ ಮುರಿದೆ, ಈಗ ಹೀಗಿದೆ ಅಂತ ವಿವರಿಸಿದೆ. ಆ ಟ್ಯಾಗುಗಳ ಅರ್ಥ ಗೊತ್ತಿರಲಿಲ್ಲ, ಮುಟ್ಟಲು ಭಯವಾಗಿ ಬಿಟ್ಟೆ ಅಂತ ಉತ್ತರ ಬಂತು. ಅರ್ಥವಾಗದ ಟ್ಯಾಗನ್ನು ಅಳಿಸದೆ ಬಿಟ್ಟರಲ್ಲ, ಅದೇ ದೊಡ್ಡ ಉಪಕಾರ. ಅಳಿಸಿದ್ದರೆ ಇಲ್ಲಿ ಒಂದು ಗಂಟಿತ್ತು ಅನ್ನುವ ಸುಳಿವೂ ಸಿಗುತ್ತಿರಲಿಲ್ಲ.

71ರ ದಾರಿಗೆ ಅದರ ಮುಂದಿನ ವಾರ ಸೈಕಲ್ಲಿನಲ್ಲಿ ಹೋದೆ. ಮೊದಲ ಒಂದಷ್ಟು ದೂರ 44ರ ಜೊತೆಯಲ್ಲೇ ಸಾಗುತ್ತದೆ, ಒಂದು ಕಾಲುವೆ ದಾಟಿದ ಮೇಲೆ ಬಲಕ್ಕೆ ಹೊರಳುತ್ತದೆ. ಹಾಗಾಗಿ ಆ ಗೆರೆಗಳು ಎರಡು ರಿಲೇಶನ್‌ಗಳಲ್ಲಿ ಸೇರಿವೆ. ಅದರಲ್ಲಿ ತೊಂದರೆಯಿಲ್ಲ, ಒಂದೇ ರಸ್ತೆಯಲ್ಲಿ ಎರಡು ನಂಬರಿನ ಬಸ್ಸು ಓಡುವ ಹಾಗೆ. ಕಾಲುವೆಯ ಆಚೆ ಗೆರೆಯನ್ನು ಕತ್ತರಿಸಿ 27-71 ಕಟ್ಟಿದೆ. 27ಕ್ಕೆ ಈಗ ನಾಲ್ಕು ದಾರಿ ಸೇರುತ್ತವೆ, ಎಣಿಕೆಯೂ ನಾಲ್ಕು. ಗೆಳೆಯ ಅದೇ ಚೀಟಿ ಹಿಡಿದು ಮತ್ತೆ ಹೊರಟ. 27ರಲ್ಲಿ ನಿಲ್ಲಲೇ ಇಲ್ಲವಂತೆ, ಮಗಳು ಕಂಬ ನೋಡಿ ತಾನೇ ಪೂರ್ವಕ್ಕೆ ತಿರುಗಿಸಿದಳಂತೆ.

ಒಂದು ಕೆಲಸ ಬಾಕಿ ಇದೆ. 8ರಿಂದ 22ಕ್ಕೆ ಹೋಗುವ ದಾರಿ ಹೊಸ ಪಾದಚಾರಿ ಪಟ್ಟಿಯಲ್ಲಿ ರಸ್ತೆ ದಾಟುತ್ತದೆ ಅಂತ ನಕ್ಷೆಯಲ್ಲಿ ಹಾಕಿದ್ದೇನೆ. ಪಟ್ಟಿಯ ಆಚೆ ಬದಿಯಲ್ಲಿ ಇರಬೇಕಾದ ಬಾಣ ನನಗೆ ಕಾಣಲಿಲ್ಲ. ಅಗೆಯುವಾಗ ಬಿದ್ದಿರಬಹುದು, ಗಿಡದ ಹಿಂದೆ ಇರಬಹುದು, ದಾರಿಯನ್ನೇ ಬದಲಿಸಿರಲೂಬಹುದು. ಆ ರಿಲೇಶನ್‌ಗೆ ಮಾತ್ರ ಇನ್ನೂ ತಾರೀಖು ಹಾಕಿಲ್ಲ. ಜೂನ್‌ನಲ್ಲಿ ಅಮ್ಮ ಮತ್ತೆ ಬರುತ್ತಿದ್ದಾರೆ, ಈ ಸಲ 22ರ ಕಡೆಯ ಕೆರೆ ನೋಡಬೇಕಂತೆ. ಚೀಟಿ ಬರೆಯುವ ಮೊದಲು ಒಮ್ಮೆ 22ರ ಕಡೆಯಿಂದ 8ಕ್ಕೆ ನಡೆದು ಬರಬೇಕು.